ಅವಳಿ ಭಾಗಗಳೂ ಕೋಳಿ ಪುಸ್ತಕವೂ

ಒಂದು ಪುಸ್ತಕವನ್ನು ಎರಡು ಮಾಡಿದ್ದು ಬೈಂಡರಣ್ಣನ ಒಳ್ಳೆಯತನ. ತೊಂದರೆ ಶುರುವಾದದ್ದೂ ಆ ಒಳ್ಳೆಯತನದಿಂದಲೇ.

ವಾಚನಾಲಯದಲ್ಲಿ ಒಂದು ದಪ್ಪ ಕಾದಂಬರಿ ಇತ್ತು. ಹುಟ್ಟಿದ ತಿಂಗಳಲ್ಲೇ ಬೇರೆಯಾಗಿ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿ ಅಕ್ಕತಂಗಿಯರು ನಲವತ್ತು ವರ್ಷದ ಮೇಲೆ ಭೇಟಿಯಾಗಿ, ತಾಯಿ ಮುಚ್ಚಿಟ್ಟ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚುವ ಕತೆ. ಜನ ಓದಿ ಓದಿ ಅದರ ಬೆನ್ನು ಮುರಿದಿದ್ದರು. ಹೊಸ ರಟ್ಟು ಕಟ್ಟಿಸಲು ಅದು ಬೈಂಡರಣ್ಣನ ಮೇಜಿಗೆ ಬಂತು. ಆ ಪುಸ್ತಕ ಹಿಡಿದರೆ ಮಣಿಕಟ್ಟು ನೋಯುತ್ತದೆ ಎಂದು ವಯಸ್ಸಾದವರು ಗೊಣಗುವುದನ್ನು ಅವನು ಕೇಳಿದ್ದ. ಯಾರೂ ಹೇಳದಿದ್ದರೂ ನಡುವೆ ಬಿಡಿಸಿ, ಎರಡು ಭಾಗ ಮಾಡಿ, ಎರಡಕ್ಕೂ ಒಂದೇ ಬಣ್ಣದ ಬಟ್ಟೆಯ ರಟ್ಟು ಕಟ್ಟಿಕೊಟ್ಟ. ಒಳಗಿನ ಅವಳಿಗಳ ಗತಿಯನ್ನೇ ಪುಸ್ತಕಕ್ಕೂ ತಂದೆನಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯಲು ಅವನು ಅದನ್ನು ಓದಿದ್ದರೆ ತಾನೆ? ಮೂವತ್ತು ವರ್ಷದಲ್ಲಿ ತಾನು ಕಟ್ಟಿದ ಒಂದು ಪುಸ್ತಕವನ್ನೂ ಅವನು ಓದಿರಲಿಲ್ಲ. ಯಾರಾದರೂ ಕೇಳಿದರೆ, "ಓದೋಕೆ ಕೂತ್ರೆ ಅಂಟು ಒಣಗುತ್ತೆ" ಅನ್ನುತ್ತಿದ್ದ.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ವಾಚನಾಲಯದ ಮೇಡಂ ಅವನನ್ನು ಕರೆಸಿದರು. ಆ ಕಾದಂಬರಿ ಬರೆದ ಲೇಖಕಿ ಸಂಜೆ ಐದಕ್ಕೆ ಬರುತ್ತಾರೆ, ಮೂವತ್ತು ವರ್ಷದ ಹಿಂದೆ ತಾವೇ ವಾಚನಾಲಯಕ್ಕೆ ಕೊಟ್ಟ ಪ್ರತಿಯಿಂದ ಕೊನೆಯ ಅಧ್ಯಾಯ ಓದುತ್ತಾರೆ ಎಂದರು. ಆ ಪ್ರತಿಯ ಮೊದಲ ಭಾಗ ದರ್ಜಿಯ ಹತ್ತಿರ, ಎರಡನೆಯದು ದೊಡ್ಡ ಟೀಚರ್ ಹತ್ತಿರ. ಮೂರು ಸಲ ಚೀಟಿ ಕಳಿಸಿದರೂ ಇಬ್ಬರೂ ಜಪ್ಪಯ್ಯ ಅಂದರೂ ಕೊಟ್ಟಿಲ್ಲ.

"ಎರಡು ಮಾಡಿದೋರು ನೀವು, ಒಂದು ಮಾಡೋದೂ ನೀವೇ," ಎಂದರು ಮೇಡಂ. "ನಾಲ್ಕೂಮುಕ್ಕಾಲಿಗೆ ಎರಡೂ ನನ್ನ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಮುಂದಿನ ವರ್ಷದ ಬೈಂಡಿಂಗ್ ಕೆಲಸ ನಾನು ಬೇರೆಯವರಿಗೆ ಕೊಡಬೇಕಾಗುತ್ತೆ."

ವಾಚನಾಲಯದ ಕೆಲಸ ಹೋದರೆ ಬೈಂಡರಣ್ಣನಿಗೆ ಉಳಿಯುವುದು ಮದುವೆ ಆಲ್ಬಂಗಳೂ ಶಾಲೆಯ ಹಾಜರಿ ಪುಸ್ತಕಗಳೂ ಮಾತ್ರ. ಇರಲಾರದೆ ಇರುವೆ ಬಿಟ್ಟುಕೊಂಡವರ ಪಟ್ಟಿ ಮಾಡಿದರೆ ನನ್ನ ಹೆಸರನ್ನು ರಟ್ಟಿನ ಮೇಲೆ ಚಿನ್ನದ ಅಕ್ಷರದಲ್ಲೇ ಹಾಕಬೇಕು ಎಂದುಕೊಳ್ಳುತ್ತ ಅವನು ಹೊರಟ.

ದರ್ಜಿ, ದೊಡ್ಡ ಟೀಚರ್ ಇಬ್ಬರೂ ಇದ್ದದ್ದು ಒಂದೇ ಕಟ್ಟಡದಲ್ಲಿ. ದರ್ಜಿಯ ಅಂಗಡಿ ಕೆಳಗೆ, ನಿವೃತ್ತರಾದ ಟೀಚರ್ ಮೇಲೆ. ಯಾವ ಕಾಲದ್ದೋ ಒಂದು ರವಿಕೆಯ ತೋಳಿನ ಅಳತೆಯ ವಿಚಾರದಲ್ಲಿ ಮಾತು ಬಿಟ್ಟವರು.

ದರ್ಜಿ ಹೊಲಿಗೆ ನಿಲ್ಲಿಸದೆ ಹೇಳಿದ: "ನಾನು ಮೊದಲನೇದು ಓದಿ ಮೂರು ತಿಂಗಳಾಯ್ತು ಬೈಂಡರಣ್ಣ. ತಂಗಿ ಅಕ್ಕನ ಮನೆ ಬಾಗಿಲು ತಟ್ಟಿದಾಳೆ, ಅಷ್ಟಕ್ಕೇ ನೀವು ರಟ್ಟು ಹಾಕಿಬಿಟ್ರಿ. ಮೂರು ತಿಂಗಳಿಂದ ಆ ಹೆಂಗಸು ಬಾಗಿಲಲ್ಲೇ ನಿಂತಿದಾಳೆ. ಮೇಲಿನೋರು ಅದನ್ನ ಕೊಡ್ಲಿ, ನಾನು ಇದನ್ನ ಕೊಡ್ತೀನಿ."

ಮೇಲೆ ಹೋದರೆ ಟೀಚರ್‌ದೂ ಅದೇ ರಾಗ. ಅವರಿಗೆ ಸಿಕ್ಕಿದ್ದು ಎರಡನೆಯ ಭಾಗ. ಬಾಗಿಲು ತಟ್ಟಿದವಳು ಯಾರು ಎಂದೇ ತಿಳಿಯದೆ ಬಾಗಿಲು ತೆಗೆಯುವುದರಿಂದ ಓದಿದ್ದರು. ಆದರೂ ಬೆವರಿ ನಿಂತವನನ್ನು ಕಂಡು ಕುರ್ಚಿ ಎಳೆದು, ನೀರು ಕೊಟ್ಟು, ಕುಡಿದಾಗುವವರೆಗೆ ಬೈಯದೆ ಕಾದರು.

"ಕೊನೇಲಿ ಕೋಳಿಮರಿಗಳ ಪ್ರಸಂಗ ಇದೆಯಲ್ಲಪ್ಪ, ಎಷ್ಟು ಆಳ," ಎಂದರು ಆಮೇಲೆ. "ಒಂದೇ ತಾಯಿಯ ಮರಿಗಳನ್ನು ಬೇರೆ ಬೇರೆ ಗೂಡಲ್ಲಿ ಸಾಕಬಹುದು ಅಂತ ಒಂದು ವಾಕ್ಯ. ನಂಗೆ ಕಣ್ಣಲ್ಲಿ ನೀರೇ ಬಂತು. ನೀನೇನಂತೀಯ?"

ಬೈಂಡರಣ್ಣ ಓದಿದವನ ಗಾಂಭೀರ್ಯದಿಂದ ತಲೆಯಾಡಿಸಿದ. ಆಳ ಹೌದು ಎಂದ.

ಮಧ್ಯಾಹ್ನವೆಲ್ಲ ಮೆಟ್ಟಿಲು ಹತ್ತಿ ಇಳಿದು ಅವನ ಮಂಡಿ ಹಳೇ ಪುಸ್ತಕದ ಬೆನ್ನಿನಂತೆ ಲಟಲಟ ಎನ್ನತೊಡಗಿತು. ಮೊದಲು ಕೊಟ್ಟವರು ಸೋತಂತೆ ಎಂದು ಇಬ್ಬರೂ ತಿಳಿದಿದ್ದರು. ಕೊನೆಗೆ ನಾಲ್ಕು ಗಂಟೆಗೆ ಇಬ್ಬರನ್ನೂ ಮೆಟ್ಟಿಲಿನ ನಡುವೆ ನಿಲ್ಲಿಸಿ, ಒಂದೇ ಹೊತ್ತಿಗೆ ಅದಲು ಬದಲು ಮಾಡಿಸಿದ. ಈಗ ಟೀಚರ್ ಕೈಯಲ್ಲಿ ಮೊದಲನೆಯದು, ದರ್ಜಿಯ ಕೈಯಲ್ಲಿ ಎರಡನೆಯದು, ಬೈಂಡರಣ್ಣನ ಕೈಯಲ್ಲಿ ಏನೂ ಇಲ್ಲ. ನ್ಯಾಯ ಮಾಡಹೋದ ತನ್ನ ಜಾಣತನಕ್ಕೆ ತಾನೇ ಬೆರಗಾಗಿ ನಿಂತ. ಅವನ ಮುಖ ನೋಡಲಾರದೆ ಟೀಚರ್ ಸಮಾರಂಭಕ್ಕೆ ಪುಸ್ತಕ ಕೊಡಲು ಒಪ್ಪಿದರು. ಅವರು ಒಪ್ಪಿದ ಮೇಲೆ ದರ್ಜಿಯೂ ಒಪ್ಪಿದ. ಆದರೆ ಕೊನೆ ಏನಾಯಿತೆಂದು ನೋಡಿಯೇ ಕೊಡುತ್ತೇನೆ ಎಂದು ಕಡೆಯ ಪುಟ ತೆಗೆದು ಗಟ್ಟಿಯಾಗಿ ಓದಿದ.

"ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೋಳಿಯನ್ನು ಗುಂಪಿನಿಂದ ಬೇರ್ಪಡಿಸಬೇಕು."

ದರ್ಜಿ ತಲೆಯೆತ್ತಿದ. "ಇದೇನಿದು?"

"ರೂಪಕ," ಎಂದರು ಟೀಚರ್.

ಬೈಂಡರಣ್ಣ ಪುಸ್ತಕ ಇಸಿದುಕೊಂಡು ಕೊನೆಯ ಹಾಳೆಗಳನ್ನು ತಿರುವಿ ನೋಡಿದ. ಕಾದಂಬರಿಯನ್ನು ಬಿಡಿಸಿದ ದಿನ ಅದೇ ಮೇಜಿನ ಮೇಲೆ ವಾಚನಾಲಯದ ಕೋಳಿ ಸಾಕಣೆಯ ಪುಸ್ತಕವೂ ಬಿಚ್ಚಿ ಬಿದ್ದಿತ್ತು. ಅದೇ ಅಳತೆ, ಅದೇ ಹಳದಿ ಕಾಗದ. ಪುಸ್ತಕ ಹೊಲಿಯುವುದು ಹದಿನಾರು ಹದಿನಾರು ಪುಟದ ಮಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ. ಕಾದಂಬರಿಯ ಕೊನೆಯ ಮಡಿಕೆಯನ್ನು ಕೋಳಿ ಪುಸ್ತಕಕ್ಕೂ, ಅದರದ್ದನ್ನು ಇದಕ್ಕೂ ಸೇರಿಸಿ ಹೊಲಿದಿದ್ದ. ಎಂಟು ತಿಂಗಳಲ್ಲಿ ಇಷ್ಟು ಜನ ಓದಿದರೂ ಒಬ್ಬರೂ ದೂರು ಕೊಟ್ಟಿರಲಿಲ್ಲ. ಅರ್ಥವಾಗದ್ದು ತಮಗೊಬ್ಬರಿಗೇ ಎಂದು ಎಲ್ಲರೂ ಸುಮ್ಮನಿದ್ದರು.

ಪುಸ್ತಕಗಳನ್ನು ಮೇಡಂ ಮೇಜಿನ ಮೇಲಿಟ್ಟು, ಕೋಳಿ ಪುಸ್ತಕ ಯಾರ ಹತ್ತಿರ ಇದೆ ಎಂದು ಕೇಳಿದ. ಕುರ್ಚಿ ಎಣಿಸುತ್ತಿದ್ದ ಅವರು, ಮೊಟ್ಟೆ ಅಂಗಡಿಯವನ ಹತ್ತಿರ, ಎಂಟು ತಿಂಗಳಿಂದ ಅವಧಿ ಮುಂದೂಡಿಸುತ್ತಲೇ ಇದ್ದಾನೆ, ಈಗ ನಿಮಗೆ ಕೋಳಿ ಯಾಕೆ ಎಂದರು. ಬೈಂಡರಣ್ಣ ಓಡಿದ. ಅಂಗಡಿಗೆ ಬೀಗ. ಹಿಂದಿನ ಗೂಡಿನಿಂದ ಆರು ಕೋಳಿಗಳು ಅವನನ್ನು ಪರೀಕ್ಷೆಯ ಮೇಲ್ವಿಚಾರಕರಂತೆ ನೋಡಿದವು.

ವಾಪಸು ಬರುವಷ್ಟರಲ್ಲಿ ಕೋಣೆ ತುಂಬಿತ್ತು. ಲೇಖಕಿ ಬೆಳ್ಳಿ ಕೂದಲಿನ, ಸಣ್ಣ ದೇಹದ ಮುದುಕಿ. ನೀರಿನ ಲೋಟ ಇಡುವ ನೆವದಲ್ಲಿ ಅವನು ಪಕ್ಕಕ್ಕೆ ಹೋಗಿ, "ಅಮ್ಮಾ, ಆ ಕೊನೆಯ ಪುಟಗಳು" ಎಂದು ಶುರುಮಾಡಿದ. ಮೇಡಂ ಕಣ್ಣು ಕೆಕ್ಕರಿಸಿದರು. ಅವನು ಬಾಗಿಲ ಬಳಿ ಹೋಗಿ ನಿಂತ.

ಲೇಖಕಿ ಎರಡನೆಯ ಭಾಗ ತೆಗೆದು ಹಿಂಬದಿಗೆ ಹಾಳೆ ತಿರುವಿದರು. ಕೈ ನಿಂತಿತು. ಕನ್ನಡಕದ ಮೇಲಿಂದ ಕಣ್ಣು ಸಭೆಯ ಮೇಲೆಲ್ಲ ಹಾದು, ಬಾಗಿಲ ಬಳಿ ಯಾರಿಗೂ ಕಾಣದಂತೆ ಕೈಮುಗಿದು ನಿಂತವನ ಮೇಲೆ ಬಂದು, ಅವನ ಬೆರಳಿನ ಅಂಟಿನ ಕಲೆಗಳನ್ನು ಕಂಡಿತು. ಅವರು ಪುಸ್ತಕವನ್ನು ಇನ್ನಷ್ಟು ಹತ್ತಿರ ಹಿಡಿದು, ಪುಟದಲ್ಲಿಲ್ಲದ ಕೊನೆಯನ್ನು ನೆನಪಿನಿಂದಲೇ ಓದತೊಡಗಿದರು.

ಅವಳಿಗಳಿಗೆ ತಾಯಿಯ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಒಂದು ಕಾಗದ. ನಮ್ಮಲ್ಲಿ ಒಬ್ಬಳನ್ನು ಯಾಕೆ ಕೊಟ್ಟಳು ಎಂದು ಈಗ ತಿಳಿದು ಏನಾಗಬೇಕು ಎಂದು ಅಕ್ಕ ಅದನ್ನು ಓದದೆಯೇ ಒಲೆಗೆ ಹಾಕಿದಳು. ಇಬ್ಬರೂ ಕೈಹಿಡಿದು ಮನೆಗೆ ನಡೆದರು. ದರ್ಜಿ ಅಳತೆಯ ಟೇಪಿನಿಂದಲೇ ಕಣ್ಣೊರೆಸಿಕೊಂಡ. ಟೀಚರ್ ಮಾತ್ರ, ಕೋಳಿಗಳು ಎಲ್ಲಿ ಹೋದವು ಎಂದು ಪಕ್ಕದವರನ್ನು ಕೇಳಿದರು. ಚಪ್ಪಾಳೆಯಲ್ಲಿ ಅದು ಮುಚ್ಚಿಹೋಯಿತು. ಮುಂದಿನ ವರ್ಷದ ಬೈಂಡಿಂಗ್ ಕೆಲಸವೂ ನಮ್ಮ ಬೈಂಡರಣ್ಣನಿಗೇ ಎಂದು ಮೇಡಂ ಎಲ್ಲರೆದುರು ಹೇಳಿದರು. ಅವನಿಗೆ ಹೋದ ಜೀವ ಬಂತು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಕಂಕುಳಲ್ಲಿ ಕೋಳಿ ಪುಸ್ತಕ.

"ತಪ್ಪು ತಿಳೀಬೇಡಿ ಅಮ್ಮ," ಎಂದ ಮೊಟ್ಟೆ ಅಂಗಡಿಯವನು. "ಆ ಕಾಗದ ಸುಡೋದಿಲ್ಲ. ಇಬ್ರೂ ಸೇರಿ ಓದ್ತಾರೆ."

ಎಲ್ಲರೂ ಹಿಂದೆ ತಿರುಗಿದರು. ಕೋಳಿಗಳ ಪುಸ್ತಕದಲ್ಲಿ ಇದು ಯಾಕೆ ಬಂತೋ ತನಗೆ ಗೊತ್ತಿಲ್ಲ, ಆದರೆ ಎಂಟು ತಿಂಗಳಿಂದ ದಿನಾ ಓದುತ್ತಿದ್ದೇನೆ ಎಂದು ಹೇಳಿ, ಪುಸ್ತಕ ತೆರೆಯದೆಯೇ ಒಪ್ಪಿಸಿದ: "'ಇಬ್ಬರಲ್ಲಿ ಗಟ್ಟಿಯಾದವಳನ್ನೇ ಕೊಟ್ಟೆ. ನನ್ನಿಂದ ದೂರವಾದರೂ ಬದುಕುವ ಶಕ್ತಿ ಇದ್ದದ್ದು ಅವಳೊಬ್ಬಳಿಗೇ.'" ಆಮೇಲೆ ನೆಲ ನೋಡುತ್ತ ಸೇರಿಸಿದ: "ನನ್ನನ್ನೂ ಮೂರು ವರ್ಷದೋನಿದ್ದಾಗ ದೊಡ್ಡಮ್ಮನ ಮನೆಗೆ ಕೊಟ್ಟಿದ್ರು. ಬೇಡದೋನು ಅಂತ ಕೊಟ್ರು ಅಂದ್ಕೊಂಡಿದ್ದೆ. ಅದಕ್ಕೇ ಪುಸ್ತಕ ವಾಪಸ್ ಕೊಡೋಕೆ ಮನಸ್ಸಾಗ್ಲಿಲ್ಲ."

ಲೇಖಕಿ ಕೈ ನೀಡಿ ಆ ಪುಸ್ತಕ ಇಸಿದುಕೊಂಡು ಮೌನವಾಗಿ ಓದಿದರು. "ನಾನೇ ಮರೆತಿದ್ದೆ," ಎಂದರು. "ನೀವು ಹೇಳಿದ್ದೇ ಸರಿ."

ಆದರೆ ಮೇಡಂ ಬೇಗ ಲೆಕ್ಕ ಕೂಡಿಸುವವರು. ಅವರ ದೃಷ್ಟಿ ಕೋಳಿ ಪುಸ್ತಕದಿಂದ ಕಾದಂಬರಿಗೆ, ಕಾದಂಬರಿಯಿಂದ ಬಾಗಿಲಿಗೆ ಬಂತು. ಮುಂದಿನ ವರ್ಷದ ಮಾತು ಅಲ್ಲಿಗೇ ನಿಂತಿತು. ಎರಡೂ ಪುಸ್ತಕ ಸರಿಯಾಗುವವರೆಗೆ ಆ ವಿಷಯ ಎತ್ತಬೇಡಿ ಎಂದರು.

ಸರಿಮಾಡುವುದು ಸುಲಭವಾಗಲಿಲ್ಲ. ಮೊಟ್ಟೆ ಅಂಗಡಿಯವನು ಆ ಹದಿನಾರು ಪುಟ ಬಿಡಲೊಲ್ಲ. ರೂಪಕ ತೆಗೆದರೆ ಕಾದಂಬರಿಯಲ್ಲಿ ಉಳಿಯುವುದೇನು ಎಂದು ಟೀಚರ್ ತಕರಾರು ಮಾಡಿದರು. ಕೊನೆಗೆ ಯಾರದ್ದನ್ನೂ ಕೀಳದೆ, ಎರಡು ಮಡಿಕೆಗಳನ್ನೂ ಕೈಯಲ್ಲಿ ನಕಲು ಬರೆದು ಆಯಾ ಪುಸ್ತಕಕ್ಕೆ ಸೇರಿಸಬೇಕೆಂದು ತೀರ್ಮಾನವಾಯಿತು. ಬರೆಯುವವನು ಯಾರೆಂದು ಯಾರೂ ಕೇಳಲೇ ಇಲ್ಲ.

ಮೂರು ದಿನ ಬೈಂಡರಣ್ಣ ತಲೆ ತಗ್ಗಿಸಿ ಬರೆದ. ಬರೆಯಬೇಕಾದರೆ ಓದಲೇಬೇಕು. ತಾಯಿಯ ಕಾಗದ ಬರೆಯುವಾಗ ಅಂಟು ಒಣಗಿದ್ದೂ ತಿಳಿಯಲಿಲ್ಲ. ಆ ಅಕ್ಕತಂಗಿಯರು ಯಾರು, ಅವರನ್ನು ಯಾರು ಸಾಕಿದರು, ಬಾಗಿಲವರೆಗೆ ಹೇಗೆ ಬಂದರು ಎಂದು ತಿಳಿಯದೆ ನಿದ್ದೆ ಹತ್ತದಂತಾಯಿತು. ಪುಸ್ತಕಗಳನ್ನು ಒಪ್ಪಿಸಲು ಹೋದಾಗ, ಮೊದಲ ಭಾಗ ತನಗೆ ಓದಲು ಬೇಕು ಎಂದು ಮೆಲ್ಲಗೆ ಕೇಳಿದ.

ಮೇಡಂ ಕಾದಿರುವವರ ಪಟ್ಟಿ ತೆಗೆದರು. ಸಮಾರಂಭವಾದ ಮೇಲೆ ಬೀದಿಯೆಲ್ಲ ಹೆಸರು ಬರೆಸಿತ್ತು.

"ನಿಮ್ಮದು ನಲವತ್ತೊಂದನೇದು," ಎಂದರು. "ಕೋಳಿ ಪುಸ್ತಕಕ್ಕೂ ಅಷ್ಟೇ ಜನ ಇದಾರೆ. ಅಂದಹಾಗೆ, ಮಣಿಕಟ್ಟು ನೋವು ಕಡಿಮೆಯಾಗಿದೆ ಅಂತ ಹಿರಿಯರೆಲ್ಲ ನಿಮಗೆ ಥ್ಯಾಂಕ್ಸ್ ಹೇಳಿದಾರೆ."