ಅಡುಗೆಮನೆಯಲ್ಲೊಂದು ಓದುವ ಮೇಜು

ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಮುಗಿಯುವಷ್ಟರಲ್ಲಿ ಬೇರೆಯೇ ಕೆಲಸವಾಗಿರುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹೊರಗಿನ ಮಾಕಳಿಯಲ್ಲಿ ಬಾಡಿಗೆಗಿದ್ದಾಗ ನಾನು ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟುತ್ತಿದ್ದೆ. ಇತಿಹಾಸದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೇ ಸಲವೂ ಹೋದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದು ನಿರ್ಧರಿಸಿದ್ದೆ. ಮುಂದಿನ ಕೋಣೆಯಲ್ಲಿ ಟೀವಿ, ಒಳಕೋಣೆಯಲ್ಲಿ ಅತ್ತೆ. ನಾನು ದಿನವಿಡೀ ಇರುವುದೇ ಅಡುಗೆಮನೆಯಲ್ಲಿ, ಅಲ್ಲೇ ಗೋಡೆಗೆ ಸೇರಿಸಿ ಒಂದು ಮೇಜು ಮಾಡಿಸಿಕೊಡಿ ಎಂದು ಯಜಮಾನರನ್ನು ಕೇಳಿದೆ. ಕೇಳಿದ್ದೊಂದೇ ನನ್ನ ತಪ್ಪು.

೧. ಓನರ್ ಅಪ್ಪಣೆ

ಗೋಡೆ ಕೊರೆಯಲು ಓನರ್ ಒಪ್ಪಬೇಕಲ್ಲ. ಅವರು ಆ ಊರಿನ ಹಳೇ ರೈತರು, ರಾಗಿ ಹೊಲದಲ್ಲಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಬಂದು ಗೋಡೆ ತಟ್ಟಿ ನೋಡಿ, ಮೇಜು ಯಾಕೆಂದು ಕೇಳಿದರು. ಓದೋಕೆ ಅಂದೆ. ಒಮ್ಮೆ ಒಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅವರಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು.

"ಓದ್ಕೊಂಡು ಮಾಡೋವಂಥ ಅಡುಗೆ ಏನವ್ವ ಅದು? ನಮ್ಮನೆಯವಳ್ನ ಕಳಿಸ್ತೀನಿ, ಬಾಯಲ್ಲೇ ಏಳ್ಕೊಡ್ತಾಳೆ."

ಗೋಡೆಗೆ ಒಪ್ಪಿಗೆ ಸಿಕ್ಕಿತು. ಮರುದಿನ ಅವರ ಹೆಂಡತಿ ಬಂದು, ಎಷ್ಟು ಬೇಡವೆಂದರೂ ಬಿಡದೆ, ನನಗೆ ಮುದ್ದೆ ಕಟ್ಟುವುದನ್ನು ಕಲಿಸಿಯೇ ಹೋದರು.

೨. ಪೀಣ್ಯದ ಅಳತೆ

ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬಡಗಿ ಯಾಕೆ ಅಂದರು. ತಾವೇ ಡ್ರಾಯಿಂಗ್ ಹಾಕಿ, ಕಬ್ಬಿಣ ವೆಲ್ಡ್ ಮಾಡಿಸಿ, ಮೇಲೆ ದಪ್ಪ ಹಲಗೆ ಬಿಗಿಸಿ ಟೆಂಪೋದಲ್ಲಿ ತಂದರು. ನಾಲ್ಕು ಜನ ಏದುಸಿರು ಬಿಡುತ್ತಾ ಹೊತ್ತು ತಂದು ಗೋಡೆಗೆ ಬೋಲ್ಟ್ ಹಾಕಿದರು. ನಾನು ಆಸೆಯಿಂದ ಕುರ್ಚಿ ಎಳೆದುಕೊಂಡು ಕೂತೆ. ಮೇಜು ನನ್ನ ಗಲ್ಲಕ್ಕೆ ಬಂತು.

ಇಷ್ಟೆತ್ತರ ಯಾಕೆ ಅಂದರೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಮ್ಮ ಶಾಪ್‌ನ್ಯಾಗ ಎಲ್ಲಾರೂ ನಿಂತ ಕೆಲಸ ಮಾಡ್ತಾರ. ಕುಂತ್ರ ನಿದ್ದಿ ಬರ್ತೈತಿ."

೩. ಓದುವ ಸೊಸೆ

ಹದಿನೈದು ದಿನ ನಿಂತೇ ಓದಿದೆ. ಕಾಲು ಬಾತ ಮೇಲೆ ಮೇಜನ್ನು ಒಂದಡಿ ಕೆಳಗಿಳಿಸಿದರು. ಅತ್ತೆ ಹಾವೇರಿ ಕಡೆಯವರು, ದಿನವೂ ಜೋಳದ ರೊಟ್ಟಿ ಆಗಬೇಕು. ನೆಲಕ್ಕೆ ಕೂರಲು ಮಂಡಿನೋವು, ನಿಂತು ತಟ್ಟಲು ಸೊಂಟನೋವು. ಇಳಿಸಿದ ಮೇಜು ಅವರಿಗೇ ಅಳತೆ ತೆಗೆದಂತಾಯಿತು. ಅವರು ತಟ್ಟುವುದು, ನಾನು ಬೇಯಿಸುವುದು. ಒಂದು ಇಸವಿ ಬಾಯಿಪಾಠ ಮಾಡುವಷ್ಟರಲ್ಲಿ ಒಂದು ರೊಟ್ಟಿ ಸಿದ್ಧ. ಅದನ್ನು ಬೇಯಿಸಿ ಬಂದು ಕೂತರೆ ಇಸವಿ ಮರೆತಿರುತ್ತಿತ್ತು. ವಾರ ಕಳೆದರೂ ಬಾಬರನನ್ನು ದಾಟಲಿಲ್ಲ, ನನಗೆ ಅಳುವೇ ಬಂತು.

ಅತ್ತೆ ಮಾತ್ರ ಮಗನ ಮುಂದೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು. "ಮೇಜು ಬಂದ ಮ್ಯಾಲೆ ಅಡುಗಿಮನಿ ಬಿಟ್ಟು ಏಳಂಗಿಲ್ಲ ನೋಡು, ಭಾಳ ಓದಾಕತ್ತಾಳ."

೪. ಹಾರ

ಬಿಸಿ ರೊಟ್ಟಿ ನೇರ ಹಂಚಿನಿಂದ ಸಿಗುತ್ತದೆಂದು ಯಜಮಾನರೂ ಮೇಜಿಗೆ ಬಂದರು. ಅಪ್ಪನ ಹಿಂದೆ ಮಗಳು ಹೋಂವರ್ಕ್ ತಂದಳು. ಮುಂದಿನ ಕೋಣೆಯ ಸ್ಟ್ಯಾಂಡು ಅಲುಗಾಡುತ್ತದೆ, ಇದು ಗಟ್ಟಿ ಎಂದು ಕೊನೆಗೆ ಟೀವಿಯನ್ನೂ ಎತ್ತಿ ತಂದರು. ನನ್ನ ಕುರ್ಚಿ ಯಾವಾಗ ಹೋಯಿತೋ ಗೊತ್ತಿಲ್ಲ. ಪುಸ್ತಕ ಹಿಡಿದು ಮುಂದಿನ ಕೋಣೆಗೆ ಬಂದೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಇಡೀ ಸೋಫಾ ನನ್ನದಾಗಿತ್ತು. ದಿನಾ ರೊಟ್ಟಿ ಬೇಯಿಸಿಟ್ಟು ಬಂದು ಎರಡು ತಿಂಗಳು ಅಲ್ಲೇ ಓದಿದೆ. ಒಲೆಯ ಪಕ್ಕ ಕೂತ ತಪ್ಪಿಗೆ ಕುಕ್ಕರ್ ವಿಷಲ್ ಎಣಿಸಿ ಗ್ಯಾಸ್ ಆರಿಸುವುದು ಯಜಮಾನರ ಪಾಲಿಗೆ ಬಂತು. ಒಳಗಿನಿಂದ ಅತ್ತೆ ಆಗಾಗ ಕೂಗುತ್ತಿದ್ದರು, ಓದಲೆಂದು ಮೇಜು ಮಾಡಿಸಿಕೊಟ್ಟರೆ ಅಲ್ಲಿ ಒಬ್ಬಳೇ ಏನು ಮಾಡುತ್ತೀ ಎಂದು.

ಪಾಸಾದೆ. ರಿಸಲ್ಟ್ ಬಂದ ಸಂಜೆ ಯಜಮಾನರು ಮಾರುದ್ದದ ಸೇವಂತಿಗೆ ಹಾರ ಹಿಡಿದು ಬಂದರು. ಮದುವೆಯಾದ ಮೇಲೆ ನನಗಾಗಿ ಹಾರ ತಂದದ್ದು ಅದೇ ಮೊದಲು. ಕಣ್ಣು ತುಂಬಿ ಬಂತು, ಕತ್ತು ಬಗ್ಗಿಸಿ ನಿಂತೆ. ಅವರು ನನ್ನನ್ನು ದಾಟಿ ಅಡುಗೆಮನೆಗೆ ಹೋದರು. ಆಯುಧಪೂಜೆಯಲ್ಲಿ ಮೆಷಿನ್ನಿಗೆ ಇಡುವಂತೆ ಮೇಜಿಗೆ ಮೂರು ಕಡೆ ಕುಂಕುಮ ಇಟ್ಟು, ಹಾರ ಹಾಕಿ, ಕೈಮುಗಿದರು.

"ಎರಡು ಸಲ ಫೇಲ್ ಆದಾಕಿನ್ನ ಪಾಸ್ ಮಾಡಿಸ್ತು," ಅಂದರು.