ಬೆಳ್ಳುಳ್ಳಿ ಸೂಪಿನಲ್ಲಿ ಮುಳುಗಿದ ಪ್ರತಿಜ್ಞೆ

ನಾನು ಫ್ರಾನ್ಸಿನ ಬರ್ಗಂಡಿ ಸೀಮೆಯವನು! ಅಪ್ಪ, ತಾತ, ಮುತ್ತಾತ ನೆಟ್ಟ ದ್ರಾಕ್ಷಿ ಬಳ್ಳಿಗಳ ಸಾಲಿನಲ್ಲೇ ಅಂಬೆಗಾಲಿಟ್ಟವನು. ಸ್ವಂತ ತೋಟ, ಸ್ವಂತ ಪೀಪಾಯಿ, ಬಾಟಲಿಯ ಮೇಲೆ ಸ್ವಂತ ಹೆಸರು, 'ಲಜಾರ್' ಎಂದು ದಪ್ಪಕ್ಷರದಲ್ಲಿ! ಇಂಥ ನಾನು ಮದುವೆಯಾದದ್ದು ಮಾತ್ರ ವೈನಿನಲ್ಲಿ ನಮ್ಮ ಬದ್ಧ ಎದುರಾಳಿಯಾದ ಬೋರ್ಡೋ ಸೀಮೆಯ ಸೊಲಾಂಜಳನ್ನು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ, ಮೂಗೂ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಅವಳು ತವರಿನಿಂದ ತರುವ ಬೋರ್ಡೋ ಬಾಟಲಿಗಳಿಗೆ ನಮ್ಮ ನೆಲಮಾಳಿಗೆಯಲ್ಲಿ ನಾನು ದಯಪಾಲಿಸಿದ ಜಾಗ ಮೆಟ್ಟಿಲ ಕೆಳಗೆ, ಆಲೂಗಡ್ಡೆ ಮೂಟೆಯ ಪಕ್ಕ. ನಡುವಿನ ದೊಡ್ಡ ಕಪಾಟು ನನ್ನ ವೈನಿಗೇ ಮೀಸಲು. ನಮ್ಮ ಸಂಸಾರದಲ್ಲಿ ಜಗಳ ಅಂತ ಇದ್ದರೆ ಇದೊಂದೇ, ಆದರೆ ಅದು ಮದುವೆಯಷ್ಟೇ ಹಳೆಯದು.

ಹೀಗಿರುವಾಗ ನಮ್ಮೂರ ಸಂಘದವರು ಈ ವಸಂತದ ಬಸ್ ಪ್ರವಾಸ ಎಲ್ಲಿಗೆ ಅಂತ ಕೈ ಎತ್ತಿಸಿದರು. ಬಂದ ಉತ್ತರ: ಬೋರ್ಡೋ! ಎರಡೂ ಕೈ ಎತ್ತಿದವನು ಬೇಕರಿಯ ಫಿರ್ಮಾಂ, ನನ್ನ ಬಾಲ್ಯದ ಗೆಳೆಯ, ಅಂದರೆ ಬಾಲ್ಯದಿಂದಲೂ ಶತ್ರು.

"ಕೊನೇ ದಿನದ ಊಟ ಸೊಲಾಂಜಳ ಚಿಕ್ಕಮ್ಮನ ಹೋಟೆಲಲ್ಲೇ! ಲಜಾರ್ ಬರ್ತಾನೋ, ಹೊಟ್ಟೆನೋವು ಅಂತ ಮಲಗ್ತಾನೋ?" ಅಂದ.

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. "ಬರ್ತೀನಿ! ಆದರೆ ಬೋರ್ಡೋ ವೈನಿನ ಒಂದೇ ಒಂದು ಹನಿ ಈ ಗಂಟಲಲ್ಲಿ ಇಳಿದರೆ, ನಡುವಿನ ಕಪಾಟು ಸೊಲಾಂಜಳದ್ದು! ನನ್ನ ಬಾಟಲಿಗಳು ಆಲೂಗಡ್ಡೆ ಪಕ್ಕಕ್ಕೆ!"

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಅಂದಳು ಸೊಲಾಂಜ್. "ಅಲ್ಲಾ ಮಾರಾಯ, ಯಾರಾದ್ರೂ ಗೊತ್ತಿಲ್ಲದ ಹಾಗೆ ಕುಡಿಸಿಬಿಟ್ರೆ?"

"ಕುಡಿಸೋದಾ! ನೂರು ಲೋಟದ ಮಧ್ಯೆ ನನ್ನ ವೈನ್ ಇಟ್ಟು ನೋಡು, ಕಣ್ಣಿಗೆ ಬಟ್ಟೆ ಕಟ್ಟು, ಈ ಮೂಗು ಅದನ್ನ ಹುಡುಕಿ ಕೊಡುತ್ತೆ! ಇಂಥ ಮೂಗಿಗೆ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ!"

ಹೊರಟೆವು. ಬೋರ್ಡೋದ ನದಿ ದಂಡೆಯ ಮೇಲೆ ಓಡಾಡಿದೆವು, ಸೇಂಟ್ ಎಮಿಲಿಯೋಂ ಊರಿನ ಗಂಟೆಗೋಪುರ ಹತ್ತಿ ಏದುಸಿರು ಬಿಟ್ಟೆವು, ಸಮುದ್ರದ ಪಕ್ಕದ ಮರಳುಗುಡ್ಡವನ್ನು ಬೂಟಿನಲ್ಲಿ ತುಂಬಿಕೊಂಡು ಬಂದೆವು. ಇದೆಲ್ಲ ಸರಿಯೇ. ಆದರೆ ಬಸ್ಸು ನಿಂತಲ್ಲೆಲ್ಲ ಒಂದು ದೊಡ್ಡ ಬಂಗಲೆ, ಬಂಗಲೆಯ ಬಾಗಿಲಲ್ಲಿ ಒಂದು ಟ್ರೇ, ಟ್ರೇ ತುಂಬ ಬೋರ್ಡೋ!

"ಇದರಲ್ಲಿ ಹಳೆಯ ಮರದ, ಹದಮಾಡಿದ ತೊಗಲಿನ ಪರಿಮಳವನ್ನು ಗಮನಿಸಿ" ಅಂದಳು ಒಂದು ಬಂಗಲೆಯ ಗೈಡ್ ಹುಡುಗಿ.

"ಅಂದರೆ ಕುರ್ಚಿ!" ಅಂದೆ ನಾನು.

ಬಸ್ಸಿನವರೆಲ್ಲ ಗೊಳ್ಳೆಂದರು. ಸೊಲಾಂಜ್ ನನ್ನ ಕಾಲು ತುಳಿದಳು. ನಾನು ತುಳಿಸಿಕೊಂಡೇ ಲೋಟವನ್ನು ಫಿರ್ಮಾಂನ ಕೈಗೆ ದಾಟಿಸಿದೆ. ಎಲ್ಲ ಕಡೆಯೂ ಇದೇ ಏರ್ಪಾಡು. ನನ್ನ ಪಾಲಿನದೂ ಅವನ ಹೊಟ್ಟೆಗೇ ಇಳಿಯುತ್ತಿತ್ತು. ಶತ್ರುವಾದರೂ ಆ ಹೊಟ್ಟೆ ನನ್ನ ಮಾನ ಕಾಯಿತು, ಸುಳ್ಳು ಹೇಳಬಾರದು.

ಕೊನೆಯ ದಿನ ಬಂತು. ಚಿಕ್ಕಮ್ಮ ಯೂಜೆನಿ ತನ್ನ ಹೋಟೆಲಿನ ಬಾಗಿಲು ತುಂಬ ನಿಂತಿದ್ದಳು.

"ಬಾ ಅಳಿಯಾ! ನೀನು ನನ್ನ ಪಕ್ಕದಲ್ಲೇ ಕೂರಬೇಕು. ಈ ಬೇಕರಿಯವನು ಆ ತುದಿಗೆ ಹೋಗಲಿ. ಮುಖ ನೋಡು, ಆಗಲೇ ಟೊಮೇಟೊ ಆಗಿದೆ!"

ಫಿರ್ಮಾಂ ಇಲ್ಲದೆ ನನ್ನ ಲೋಟಕ್ಕೆ ಗತಿ ಯಾರು?

ಮೊದಲು ಬಂದದ್ದು ಬಾತುಕೋಳಿ ಕೊಬ್ಬಿನಲ್ಲಿ ಮಾಡಿದ ಬೆಳ್ಳುಳ್ಳಿ ಸೂಪು. ಆಹಾ! ವೈನಿನ ವಿಷಯದಲ್ಲಿ ಏನೇ ಅನ್ನಿ, ಸೂಪಿನ ವಿಷಯದಲ್ಲಿ ಆ ಸೀಮೆಗೆ ಕೈಮುಗಿಯಬೇಕು. ಬಟ್ಟಲಿನ ತಳದಲ್ಲಿ ನಾಲ್ಕು ಗುಟುಕು ಉಳಿಯುವವರೆಗೆ ನಾನು ತಲೆ ಎತ್ತಲಿಲ್ಲ. ಎತ್ತಿದಾಗ ಮುಂದೆ ಒಂದು ಮಣ್ಣಿನ ಹೂಜಿ!

"ಇದು ನಿನಗೇ ಅಂತ ಬೇರೆ ಇಟ್ಟಿದ್ದೀನಿ ಅಳಿಯಾ. ಇನ್ಯಾರೂ ಮುಟ್ಟೋ ಹಾಗಿಲ್ಲ!" ಚಿಕ್ಕಮ್ಮ ಲೋಟದ ಕಂಠದವರೆಗೆ ವೈನ್ ಬಗ್ಗಿಸಿ, ಬಾತುಕೋಳಿ ತರಲು ಅಡುಗೆಮನೆಗೆ ಹೋದಳು.

ನಮ್ಮೂರವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಲೋಟ ಎತ್ತಿ, ನನ್ನ ಜಗತ್ಪ್ರಸಿದ್ಧ ಮೂಗನ್ನು ಅದರೊಳಗೆ ಇಳಿಸಿ, ಮುಖ ಸಿಂಡರಿಸಿದೆ.

"ಅಯ್ಯಯ್ಯೋ! ಇದನ್ನ ಮಾಡಿದವನು ಜನ್ಮದಲ್ಲಿ ದ್ರಾಕ್ಷಿ ಕಂಡಿಲ್ಲ! ತೊಳೆಯದ ಪೀಪಾಯಿ, ಬಿಸಿಲು ಕಾಣದ ತೋಟ! ಅಪ್ಪಟ ಸೋಮಾರಿ ಮನುಷ್ಯ ಕಣ್ರೋ! ಅವನ ಹೆಂಡತಿಯನ್ನ ನೆನೆದರೆ ಅಯ್ಯೋ ಪಾಪ ಅನ್ಸುತ್ತೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಎದುರಿಗೆ ಕೂತ ಸೊಲಾಂಜ್. ಅವಳ ಕಣ್ಣಲ್ಲಿ ನೀರೇ ಬಂತು.

"ಸಾಕು, ನಿಲ್ಲಿಸು ಮಾರಾಯ..."

"ಯಾಕೆ, ತವರಿನ ಮರ್ಯಾದೆ ಹೋಯ್ತಾ?"

"ಇಲ್ಲಪ್ಪ, ತವರಿನದೇನೂ ಹೋಗಿಲ್ಲ."

ಅಷ್ಟರಲ್ಲಿ ಬಾತುಕೋಳಿಯ ಮೆರವಣಿಗೆ ಬಂತು. ಎಲ್ಲರ ತಲೆ ಅತ್ತ ತಿರುಗಿತು. ಇದೇ ಸಮಯ! ಲೋಟದಲ್ಲಿದ್ದದ್ದನ್ನೆಲ್ಲ ಸೂಪಿನ ಬಟ್ಟಲಿಗೆ ಸುರಿದೆ. ಎಂಜಲು ಬಟ್ಟಲು ತೊಳೆಯಲು ಹೋಗುತ್ತದೆ, ಜೊತೆಗೆ ಬೋರ್ಡೋ ಕೂಡ ಹೋಗುತ್ತದೆ. ಎಂಥ ತಲೆ ನನ್ನದು ಅಂತ ನಾನೇ ಬೆನ್ನು ತಟ್ಟಿಕೊಂಡೆ.

"ಶಾಬ್ರೋ!!" ಹಿಂದಿನಿಂದ ಸಿಡಿಲು ಬಡಿದ ಹಾಗೆ ಕೂಗು. ಚಿಕ್ಕಮ್ಮ! "ಎಲ್ಲರೂ ನೋಡ್ರೋ! ನಮ್ಮ ಬರ್ಗಂಡಿ ಅಳಿಯ ಶಾಬ್ರೋ ಮಾಡ್ತಿದ್ದಾನೆ! ನಮ್ಮಪ್ಪ ಹೋದಮೇಲೆ ಈ ಟೇಬಲ್ಲಲ್ಲಿ ಯಾರೂ ಮಾಡಿರಲಿಲ್ಲ!"

ಏನಾಗಿತ್ತು ಗೊತ್ತೇ? ಉಳಿದ ಸೂಪಿಗೆ ವೈನ್ ಸುರಿದು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿಯುವುದು ಆ ಸೀಮೆಯ ಅಜ್ಜಂದಿರ ಪದ್ಧತಿಯಂತೆ. ಅಡುಗೆಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲವಂತೆ! ಇಷ್ಟು ವರ್ಷದಲ್ಲಿ ಸೊಲಾಂಜ್ ನನಗೆ ಹೇಳಿರಲಿಲ್ಲ. ಹೇಗೆ ಹೇಳಿಯಾಳು? ನಮ್ಮ ಮನೆಯ ಸೂಪಿನ ಹತ್ತಿರ ಬೋರ್ಡೋ ಸುಳಿಯಲು ನಾನು ಬಿಟ್ಟಿದ್ದರೆ ತಾನೆ!

ಹೋಟೆಲಿನವರೆಲ್ಲ ಎದ್ದು ನಿಂತು ಚಮಚದಿಂದ ಟೇಬಲ್ ಬಡಿಯತೊಡಗಿದರು. ಚಿಕ್ಕಮ್ಮ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಅಳುತ್ತಿರುವ ಮುದುಕಿಯ ಮುಂದೆ 'ಅಮ್ಮಾ, ಇದು ಚೆಲ್ಲೋದಕ್ಕೆ ಅಂತ ಸುರಿದದ್ದು' ಅನ್ನಲು ಯಾವ ಗಂಡಸಿಗೆ ಬಾಯಿ ಬರುತ್ತದೆ? ಬಟ್ಟಲು ಎತ್ತಿದೆ. ಕಣ್ಣು ಮುಚ್ಚಿದೆ. ಕುಡಿದೆ! ಅರ್ಧ ಗಂಟಲಿಗೆ ಹೋಯಿತು, ಉಳಿದರ್ಧ ಮೀಸೆಗೆ.

"ಲಜಾರ್! ಕಪಾಟು!" ಆ ತುದಿಯಿಂದ ಫಿರ್ಮಾಂ ಕೂಗಿದ.

ಊರಿಗೆ ಹೊರಟ ಬಸ್ಸಿನಲ್ಲಿ ನನ್ನದೇ ಮೆರವಣಿಗೆ. ಫಿರ್ಮಾಂ ಮೈಕು ಹಿಡಿದು, "ಮಹಾಜನರೇ, ಲಜಾರನ ಕಪಾಟಿನ ಆತ್ಮಕ್ಕೆ ಶಾಂತಿ ಸಿಗಲಿ!" ಅಂದ. ಹಿಂದಿನ ಸೀಟಿನವರು ಕೈಯನ್ನು ಬಟ್ಟಲು ಮಾಡಿ ಕುಡಿದು ತೋರಿಸಿದರು. ನಾನು ಕಿಟಕಿಗೆ ತಲೆ ಆನಿಸಿ ಕೂತೆ. ನಿಜ ಹೇಳುತ್ತೇನೆ, ಅಳು ಬರುವ ಹಾಗಿತ್ತು. ಅಪ್ಪ ಮಾಡಿಸಿದ ಕಪಾಟು ಅದು.

ಸೊಲಾಂಜ್ ಕಿವಿಯ ಹತ್ತಿರ ಬಂದಳು. "ಸಪ್ಪೆ ಮೋರೆ ಹಾಕ್ಕೋಬೇಡ. ನೀನು ಸೋತಿಲ್ಲ. ಕುಡಿದದ್ದು ಬೋರ್ಡೋ ಅಲ್ಲ."

"ಏನು?!"

"ಪಾಪ, ನಿನ್ನ ಪ್ರತಿಜ್ಞೆ ಉಳೀಲಿ ಅಂತ ನಾನೇ ಮನೆಯಿಂದ ನಿನ್ನ ವೈನ್ ತಂದು ಚಿಕ್ಕಮ್ಮನ ಕೈಗೆ ಕೊಟ್ಟಿದ್ದೆ. ಹೂಜಿ ನಿನಗೇ ಅಂತ ಅವಳು ಹೇಳ್ಲಿಲ್ವಾ?"

ನಾನು ಚಂಗನೆ ಎದ್ದೆ! ಎರಡು ಸೀಟಿನ ಸಾಲುಗಳ ಮಧ್ಯೆ ನಿಂತು ಕೈ ಮೇಲೆತ್ತಿ ಗರ್ಜಿಸಿದೆ: "ನಿಲ್ಲಿಸ್ರೋ ನಿಮ್ಮ ನಗು! ಗೆದ್ದವನು ನಾನು! ಎಲ್ಲರೂ ಕೇಳಿ, ನಾನು ಕುಡಿದ ಆ ವೈನು..."

ಹಿಂದಿನ ಸೀಟಿನವರು ಎದ್ದು ನಿಂತರು.

"ಆ ವೈನು?" ಫಿರ್ಮಾಂ ಮೈಕನ್ನು ನನ್ನ ಬಾಯಿಗೇ ಹಿಡಿದ.

ಆಗ ನೆನಪಾಯಿತು. ಜನ್ಮದಲ್ಲಿ ದ್ರಾಕ್ಷಿ ಕಾಣದವನು. ತೊಳೆಯದ ಪೀಪಾಯಿ. ಅಪ್ಪಟ ಸೋಮಾರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನೋ ಹೆತ್ತ ಹೆಗ್ಗಣದ ಗುರುತನ್ನೇ ಹಿಡಿದಿರಲಿಲ್ಲ! ಬಿಸಿತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಸೊಲಾಂಜ್ ಕಡೆ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು.

"ಆ ವೈನು... ಅಪ್ಪಟ ಬೋರ್ಡೋ ಕಣ್ರಪ್ಪಾ! ಸೋತೆ! ಕಪಾಟು ಸೊಲಾಂಜಳದ್ದೇ!"

ಚಪ್ಪಾಳೆಯೋ ಚಪ್ಪಾಳೆ! ನಾನು ಮೆಲ್ಲಗೆ ಕೂತೆ. ಸೊಲಾಂಜ್ ನನ್ನ ಮೀಸೆಯಲ್ಲಿ ಒಣಗಿದ್ದ ಸೂಪನ್ನು ಕರವಸ್ತ್ರದಿಂದ ಒರೆಸುತ್ತ, ಎಷ್ಟೋ ಪ್ರೀತಿಯಿಂದ ಕೇಳಿದಳು:

"ಹಾಗಾದ್ರೆ ಆ ಸೋಮಾರಿ ಮನುಷ್ಯನ ಬಾಟಲಿಗಳನ್ನ ಆಲೂಗಡ್ಡೆ ಪಕ್ಕ ನಾನು ಜೋಡಿಸ್ಲೋ, ಅವನೇ ಜೋಡಿಸ್ತಾನೋ?"