ಇನ್ನೂ ಸ್ನಾನವಾಗದ ನನ್ನ ತಮ್ಮ

ನನ್ನ ತಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡುತ್ತಾನೆ. ಆದರೂ ಅವನ ಪ್ರಕಾರ ಮೊನ್ನೆಮೊನ್ನೆಯವರೆಗೂ ಅವನಿಗೆ ಸ್ನಾನವಾಗಿರಲಿಲ್ಲ! ತಪ್ಪು ಅವನದಲ್ಲ, ‘ಸ್ನಾತಕ’ ಎಂಬ ಪದದ್ದು.

ಕಾಲೇಜಿನಲ್ಲಿ ಯಾರೋ ಮೇಷ್ಟ್ರು ಹೇಳಿದರಂತೆ: ಹಿಂದಿನ ಕಾಲದಲ್ಲಿ ಗುರುವಿನ ಮನೆಯಲ್ಲಿ ಓದು ಮುಗಿಸಿದ ಶಿಷ್ಯ ಮಿಂದು ತನ್ನ ಮನೆಗೆ ಹೊರಡುತ್ತಿದ್ದ, ಹಾಗೆ ಮಿಂದವನೇ ಸ್ನಾತಕ, ಅಂದರೆ ಇಂದಿನ ಪದವೀಧರ. ಇವನಿಗೆ ಬಿ.ಎ.ಯಲ್ಲಿ ಅರ್ಥಶಾಸ್ತ್ರ ಉಳಿದುಹೋಯಿತು. ಅಂದಿನಿಂದ ದೀಪಾವಳಿಗೂ ತಲೆಗೆ ಎಣ್ಣೆ ಮುಟ್ಟಿಸಿರಲಿಲ್ಲ. ಮೈಮೇಲೆ ನೀರು ಸುರಿದುಕೊಂಡರೆ ಅದು ಬರೀ ಸ್ವಚ್ಛತೆ, ಎಣ್ಣೆಸ್ನಾನಕ್ಕೆ ಡಿಗ್ರಿ ಬೇಕು ಎಂಬುದು ಅವನ ವಾದ. ನಾನು ಸೂರ್ಯ ಹುಟ್ಟುವ ಮೊದಲೇ ಮೀಯುವವನು, ಒಂದು ದಿನವೂ ತಪ್ಪಿಸಿದವನಲ್ಲ. ಇವನ ಲೆಕ್ಕದಲ್ಲಿ ನನಗೆಷ್ಟು ಡಿಗ್ರಿ ಬರಬೇಕಿತ್ತು?

ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಮುಟ್ಟಿ ನೋಡಿ ನಾಳೆಯ ದರ ಹೇಳುವ ಈ ಮನುಷ್ಯ, ಪರೀಕ್ಷೆಯಲ್ಲಿ ಬೇಡಿಕೆಯ ರೇಖೆ ಎಳೆಯಲಾರದೆ ನಪಾಸಾಗುತ್ತಿದ್ದ! ಮೊಳಕಾಲ್ಮೂರು ಬಸ್ಸಿನಲ್ಲಿ ಎಂ.ಎ. ಮಾಡಿದ ಹುಡುಗರು ಸಿಕ್ಕರೆ ಎದ್ದು ಸೀಟು ಬಿಟ್ಟುಕೊಡುತ್ತಿದ್ದ. ಅವರು ಸ್ನಾತಕೋತ್ತರರಲ್ಲವೇ!

‘ಸ್ನಾನ ಆದ್ಮೇಲೆ ಅವರೇನು ಮಾಡ್ತಾರಲೇ?’ ಎಂದು ಕೇಳಿದೆ.

‘ತಲೆ ಒರೆಸ್ಕೊಂತಾರೆ ಕಣಣ್ಣ,’ ಎಂದ, ತುಟಿ ಕೂಡ ಅಲುಗಿಸದೆ.

ಪಾಡು ಪಟ್ಟವಳು ಅವನ ಹೆಂಡತಿ. ಪ್ರತಿ ದೀಪಾವಳಿಗೂ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಟ್ಟುಕೊಂಡು ಕಾಯುವಳು. ಆ ಎಣ್ಣೆ ಕೊನೆಗೆ ದೀಪಕ್ಕೆ ಹೋಗುವುದು. ‘ಒಂದ್ಸಲ ನೀವಾದ್ರೂ ಹೇಳ್ರಿ ಭಾವ,’ ಎಂದಳು ಒಮ್ಮೆ. ‘ಹಬ್ಬದ ದಿನ ಗಂಡನ ತಲೆಗೆ ಒಂದು ಬೊಟ್ಟು ಎಣ್ಣೆ ಇಡಾಕೂ ಯೂನಿವರ್ಸಿಟೀನ ಕೇಳ್ಬೇಕಾ?’ ನಾನು ಹೇಳಿ ಸೋತೆ.

ಅರವತ್ತು ದಾಟಿದ ಮೇಲೆ ದೂರಶಿಕ್ಷಣಕ್ಕೆ ಸೇರಿ ಮೊದಲಿನಿಂದ ಶುರುಮಾಡಿದ. ಕಣ್ಣು ಮಂಜಾಗಿದ್ದರಿಂದ ಅವಳು ಪಾಠಗಳನ್ನು ಗಟ್ಟಿಯಾಗಿ ಓದುವಳು, ಇವನು ಕೇಳುವನು. ತೂಕಡಿಸಿದರೆ ಬೈಗುಳ!

ಈ ವರ್ಷ ಪಾಸಾದ. ನಾನು ಮೊದಲ ಬಸ್ಸಿಗೇ ಅವನಿರುವ ದೇವಸಮುದ್ರಕ್ಕೆ ಹೋದೆ. ಹಂಡೆಯಲ್ಲಿ ನೀರು ಕಾದಿತ್ತು. ಆದರೆ ಮಣೆಯ ಮೇಲೆ ಕೂತವನ ತಲೆಯಲ್ಲಿ ಕೂದಲೆಲ್ಲಿದೆ? ಚೇಷ್ಟೆ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ತಟ್ಟನೆ ಎದ್ದು ನಿಂತ. ಗುರುವಿನ ಅಪ್ಪಣೆಯಿಲ್ಲದೆ ಶಿಷ್ಯ ಮೀಯುವಂತಿಲ್ಲವಂತೆ!

‘ಈಗ ಯಾವ ಗುರುನ್ನ ಹುಡುಕ್ತೀಯಲೇ?’ ಎಂದು ರೇಗಿದೆ.

ಅವನು ಹೆಂಡತಿಯ ಕಡೆ ತಿರುಗಿ ಕೈಮುಗಿದ. ‘ಎಲ್ಲಾ ಪಾಠ ನೀನೇ ಹೇಳ್ಕೊಟ್ಟೆ. ಅಪ್ಪಣೆ ಐತೇನು?’

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಕುಂತ್ಕಳ್ರಿ, ನೀರು ಆರ್ತೈತೆ.’

ಎಣ್ಣೆ ಹಚ್ಚಿದ ಅವಳ ಅಂಗೈ ಆ ಬೋಳು ನೆತ್ತಿಯ ಮೇಲೆ ಬಹಳ ಹೊತ್ತು ಹಾಗೇ ಇತ್ತು. ನಾನು ಮೆಲ್ಲಗೆ ಎದ್ದು ಅಂಗಳಕ್ಕೆ ಬಂದೆ.